ಚಿಹೋಳ ಎಣ್ಣೆ ಜಳಕ

ಪಾರ್ವತೆವ್ವನ ಮನೆಗೆ ಬಂದವರು ಬರೀ ಬಾಯಲ್ಲಿ ಹೊರಟುಹೋದದ್ದನ್ನು ಲಂಡನ್ನಿನ ಹೌನ್ಸ್ಲೋದ ಆ ಬೀದಿಯಲ್ಲಿ ಯಾರೂ ನೋಡಿಲ್ಲ. ಗ್ಯಾಸಿನ ಮೀಟರು ಓದಲು ಬಂದವನು ಕೂಡ ಕೈಯಲ್ಲೊಂದು ಶೇಂಗಾ ಉಂಡೆ ಹಿಡಿದುಕೊಂಡು, ಇದನ್ನು ಇಲ್ಲೇ ಕಚ್ಚಬೇಕೋ ಜೇಬಿಗೆ ಇಳಿಸಬೇಕೋ ಎಂದು ಯೋಚಿಸುತ್ತ ಗೇಟು ದಾಟುತ್ತಿದ್ದ. ಧಾರವಾಡದ ಕಡೆಯ ಹೆಂಗಸು. ಗಂಡ ಶಾಂತಪ್ಪನಿಗೆ ಹೀಥ್ರೂ ವಿಮಾನ ನಿಲ್ದಾಣದ ಸರಕಿನ ಶೆಡ್ಡಿನಲ್ಲಿ ಕೆಲಸ, ಇವಳಿಗೆ ಅಲ್ಲೇ ಹತ್ತಿರದಲ್ಲಿ ವಿಮಾನಗಳಿಗೆ ಊಟ ಕಟ್ಟುವ ದೊಡ್ಡ ಅಡಿಗೆಮನೆಯಲ್ಲಿ. ದಿನಾ ಸಾವಿರಾರು ಜನರ ಊಟ ಆಕಾಶಕ್ಕೆ ಹತ್ತಿಸಿ ಬರುವವಳಿಗೆ ಮನೆಗೆ ಬರುವ ಒಂದು ಹುಡುಗಿ ಯಾವ ಲೆಕ್ಕ?

ಆ ಹುಡುಗಿಯ ಹೆಸರು ಚಿಹೋ. ಊರು ಜಪಾನಿನ ಮಾತ್ಸುಮೋತೋ. ಪಾರ್ವತೆವ್ವನ ಮಗಳು ಸೃಷ್ಟಿಯ ಶಾಲೆಯಲ್ಲಿ ಜಪಾನಿ ಭಾಷೆ ಕಲಿಸುತ್ತಿದ್ದರು. ೧೯೯೯ರಲ್ಲಿ ಶಾಲೆಯವರೂ ಒಂದು ವಿನಿಮಯ ಸಂಸ್ಥೆಯವರೂ ಸೇರಿ ಒಂದು ಏರ್ಪಾಡು ಮಾಡಿದರು. ಈಸ್ಟರ್ ರಜೆಯಲ್ಲಿ ಅಲ್ಲಿಯ ಮಕ್ಕಳು ಬಂದು ಇಲ್ಲಿಯವರ ಮನೆಯಲ್ಲಿ ಎರಡು ವಾರ ಇರಬೇಕು, ಬೇಸಿಗೆಯಲ್ಲಿ ಇಲ್ಲಿಯ ಮಕ್ಕಳು ಹೋಗಿ ಅದೇ ಮಕ್ಕಳ ಮನೆಯಲ್ಲಿ ಇರಬೇಕು. ಸೃಷ್ಟಿಗೆ ಜೋಡಿಯಾಗಿ ಸಿಕ್ಕವಳು ಚಿಹೋ. ಸೃಷ್ಟಿ ಮೂರು ವರ್ಷದಿಂದ ಜಪಾನು ನೋಡಲೆಂದೇ ಕಾದಿದ್ದಳು. ಅವಳ ಕೋಣೆಯ ಗೋಡೆಯ ಮೇಲೆ ಮಾತ್ಸುಮೋತೋದ ನಕಾಶೆ, ಹಲ್ಲುಜ್ಜುವಾಗ ಬಾಯಲ್ಲಿ ಜಪಾನಿ ಮಾತು. ಮನೆಯಲ್ಲಿ ಅವ್ವ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ, ಜಪಾನಿಯಲ್ಲಿ ಮಾತ್ರ ಅಷ್ಟು ಸೊಗಸಾಗಿ ನಮಸ್ಕಾರ ಹೇಳುತ್ತಿದ್ದಳು.

"ನಮ್ಮ ಮಾತಿಗೆ ಏನ್ ರೋಗ ಬಂದಿತ್ತ?" ಎಂದು ಶಾಂತಪ್ಪ ಕೇಳಿದರೆ ಪಾರ್ವತೆವ್ವ ಮಗಳ ಪರ. "ಇರ್ಲಿ ಬಿಡ್ರಿ. ನೀವು ಮೂವತ್ತು ವರ್ಷದಾಗ ಇಂಗ್ಲಿಷ್ ಎಷ್ಟ್ ಕಲ್ತೀರಿ ಅಂತ ನನಗ ಗೊತ್ತೈತಿ."

ಚಿಹೋ ಬಂದಳು. ಸಣ್ಣ ಮೈ, ಕಿವಿಯ ಮಟ್ಟಕ್ಕೆ ಕತ್ತರಿಸಿದ ಕೂದಲು, ಮಾತಿಗೊಮ್ಮೆ ಬಾಗುವ ತಲೆ. ಬಾಗಿಲಲ್ಲಿ ಯಾರೂ ಹೇಳದೆ ಚಪ್ಪಲಿ ಬಿಟ್ಟು ಮೂತಿ ಹೊರಗೆ ಮಾಡಿ ಜೋಡಿಸಿ ಇಟ್ಟಳು. ಪಾರ್ವತೆವ್ವನಿಗೆ ಅಷ್ಟೇ ಸಾಕಾಯಿತು. "ನೋಡು," ಎಂದು ಸೃಷ್ಟಿಯ ಕಡೆ ತಿರುಗಿದಳು, "ಹಡೆದವರು ಕಲಿಸ್ಯಾರ. ನೀನೂ ಅದೀದಿ, ಒಂದು ಬೂಟು ಹಾಸಿಗಿ ಕೆಳಗ, ಇನ್ನೊಂದು ಮಾಳಿಗಿ ಮ್ಯಾಲ."

ಅಂದಿನಿಂದ ಚಿಹೋಳಿಗೆ ಆ ಮನೆಯಲ್ಲಿ ನೆಲ ಮುಟ್ಟುವ ಕೆಲಸವೇ ಇರಲಿಲ್ಲ. ಮುಂದಿನ ಕೋಣೆಯ ಒಳ್ಳೆಯ ಕುರ್ಚಿ, ಶಾಂತಪ್ಪನನ್ನು ಎಬ್ಬಿಸಿ, ಅವಳಿಗೆ ಕೊಟ್ಟರು. ತಟ್ಟೆ ತುಂಬ ಬಡಿಸಿದರು. ತಟ್ಟೆಯಲ್ಲಿ ಉಳಿಸಬಾರದೆಂದು ಬೆಳೆದ ಹುಡುಗಿ ಕಷ್ಟಪಟ್ಟು ತಟ್ಟೆ ಖಾಲಿ ಮಾಡಿದಳು. ಖಾಲಿ ತಟ್ಟೆ ಕಂಡರೆ ಸುಮ್ಮನಿರಬಾರದೆಂದು ಬೆಳೆದ ಪಾರ್ವತೆವ್ವ ಮತ್ತೆ ಬಡಿಸಿದಳು. ಮೂರನೆಯ ಸಲಕ್ಕೆ ಸೃಷ್ಟಿ ನಡುವೆ ಬಂದು, ಚಿಹೋಳ ಎರಡೂ ಕೈ ಹಿಡಿದು ತಟ್ಟೆಯ ಮೇಲೆ ಅಡ್ಡ ಇಡಿಸಿದಳು. ಆ ಪಾಠವೊಂದು ಬೇಗ ಆಯಿತು.

ಆದರೆ ಉಂಡ ತಟ್ಟೆ ತೊಳೆಯಲು ಎದ್ದರೆ ಪಾರ್ವತೆವ್ವ ಓಡಿಬಂದು ಕಸಿದುಕೊಳ್ಳುತ್ತಿದ್ದಳು. "ನೋ ನೋ. ಯು ಗೆಸ್ಟ್. ಸಿಟ್!"

"ಅವ್ವಾ, ನಾಯಿಗೆ ಹೇಳಿದಂಗ ಹೇಳ್ಬ್ಯಾಡ, ಪ್ಲೀಸ್," ಎನ್ನುತ್ತಿದ್ದಳು ಸೃಷ್ಟಿ.

"ಮತ್ತ ಹೆಂಗ ಹೇಳ್ಲಿ? ಕುಂದರವ್ವ ತಾಯಿ ಅಂದ್ರ ತಿಳಿಯಂಗಿಲ್ಲಲ್ಲ ಅಕೀಗೆ!"

ಚಿಹೋ ಕೂತಳು. ಮರುದಿನ ರೊಟ್ಟಿಯ ಸಪ್ಪಳ ಕೇಳಿ ಅಡಿಗೆಮನೆಗೆ ಬಂದು ಬಾಗಿಲಲ್ಲಿ ನಿಂತಳು. ಪಾರ್ವತೆವ್ವ ಹಿಟ್ಟಿನ ಕೈಯಲ್ಲೇ ಅವಳ ಭುಜ ಹಿಡಿದು ತಿರುಗಿಸಿ ಮತ್ತೆ ಕುರ್ಚಿಗೆ ಮುಟ್ಟಿಸಿ ಬಂದಳು. ಹಾಸಿಗೆ ತಾನೇ ಸರಿಮಾಡಿಕೊಂಡಿದ್ದರೆ, ಅದನ್ನು ಕೆದರಿ ಇವಳು ಇನ್ನೊಮ್ಮೆ ಹಾಸಿದಳು. ಸೌತ್‌ಹಾಲಿಗೆ ತರಕಾರಿಗೆ ಹೋದಾಗ ಒಂದು ಮೆಂತ್ಯದ ಸಿವುಡು ಕೂಡ ಹಿಡಿಯಲು ಕೊಡಲಿಲ್ಲ. ಎರಡೂ ಕೈಯಲ್ಲಿ ನಾಲ್ಕು ಚೀಲ ಹೊತ್ತ ಪಾರ್ವತೆವ್ವ ಮುಂದೆ, ಕೈಬೀಸಿಕೊಂಡು ತಲೆ ತಗ್ಗಿಸಿದ ಚಿಹೋ ಹಿಂದೆ. ಅದೇ ಹೊತ್ತಿಗೆ ಸೃಷ್ಟಿಗೆ ಬೆಳಗಿನಿಂದ ಸಂಜೆಯ ತನಕ ಸಹಸ್ರನಾಮಾರ್ಚನೆ. "ಏ ಸೃಷ್ಟಿ, ತಟ್ಟಿ ಎತ್ತು! ಏ ಸೃಷ್ಟಿ, ಆ ಟವೆಲ್ ಏನ್ ನಿಮ್ಮಜ್ಜ ಬಂದು ಒಣಗಿಸ್ತಾನೇನ?" ಚಿಹೋ ಕುರ್ಚಿಯಲ್ಲಿ ಕೂತು, ಆ ಬಿರುಸು ಮಾತುಗಳು ತನ್ನ ಪಕ್ಕದಲ್ಲಿ ಹಾದುಹೋಗುವುದನ್ನು ಕೇಳುತ್ತಿದ್ದಳು.

ಒಂದು ವಾರವಾಯಿತು. ಶನಿವಾರ ಮಧ್ಯಾಹ್ನ ಫೋನು ಬಂತು. ಮಿಸೆಸ್ ಪೆನ್‌ಫೋಲ್ಡ್, ವಿನಿಮಯ ಸಂಸ್ಥೆಯ ಮೇಲ್ವಿಚಾರಕಿ. ಮಾತಾಡಿದವಳು ಸೃಷ್ಟಿ. ಮಾತಾಡುತ್ತ ಮಾತಾಡುತ್ತ ಹುಡುಗಿಯ ಮುಖ ಇಳಿಯಿತು. ಫೋನಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಏನಂತ?"

"ಚಿಹೋ ಈಸ್ ನಾಟ್ ಹ್ಯಾಪಿ. ನಿನ್ನೆ ಗ್ರೂಪ್ ಔಟಿಂಗ್‌ನಾಗ ಅವರ ಟೀಚರ್ ಮುಂದ ಅತ್ತಾಳಂತ. ಈ ಮನೀಗೆ ನನ್ನಿಂದ ತೊಂದ್ರಿ ಆಗಾಕತ್ತೈತಿ ಅಂದ್ಲಂತ." ಸೃಷ್ಟಿಗೆ ಸಂಕಟ ಬಂದಾಗ ಮಾತ್ರ ಕನ್ನಡ ಬರುತ್ತಿತ್ತು. "ನಾಳೆ ಮೂರಕ್ಕ ಮಿಸೆಸ್ ಪೆನ್‌ಫೋಲ್ಡ್ ಬರ್ತಾರ. ಚಿಹೋ ಹೂಂ ಅಂದ್ರ ಪಿನ್ನರ್‌ಗೆ ಕರಕೊಂಡ್ ಹೋಗ್ತಾರ. ಗಾರ್ಗಿ ಮನೀಗೆ."

ಪಿನ್ನರ್ ಎಂಬ ಬಡಾವಣೆಯ ಗಾರ್ಗಿ ಇದೇ ಶಾಲೆಯವಳು. ಅಪ್ಪ ಅಶ್ವತ್ಥನಾರಾಯಣ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು, ಮೈಸೂರಿನವರು. ಜೋಡಿ ಸಿಗದೆ ಅವಳ ಹೆಸರು ಕಾಯುವವರ ಸಾಲಿನಲ್ಲಿತ್ತು. ಚಿಹೋ ಅಲ್ಲಿಗೆ ಹೋದರೆ ಬೇಸಿಗೆಯಲ್ಲಿ ಮಾತ್ಸುಮೋತೋಗೆ ಹೋಗುವವಳೂ ಗಾರ್ಗಿಯೇ. ನಿಯಮ ಅಂದರೆ ನಿಯಮ.

ಅದನ್ನು ಖಚಿತ ಮಾಡಲೆಂಬಂತೆ ಸಂಜೆಗೆ ಗಾರ್ಗಿಯ ಅಮ್ಮ ಶ್ರೀಲತಾ ಫೋನು ಮಾಡಿದರು. "ಪಾರ್ವತಮ್ಮ, ತಪ್ಪು ತಿಳ್ಕೋಬೇಡಿ ರೀ. ನಾವಾಗಿ ಏನೂ ಕೇಳ್ಲಿಲ್ಲ. ಅವರೇ ಫೋನ್ ಮಾಡಿದ್ರು, ರೂಮ್ ಖಾಲಿ ಇದೆಯಾ ಅಂತ. ಇದೆ ಅಂದೆ. ಬಾತ್‌ರೂಮ್ ಕೂಡ ಸೆಪರೇಟು..."

"ಇರ್ಲಿ ಬಿಡ್ರಿ ಶ್ರೀಲತಾ, ರೂಮ್ ಖಾಲಿ ಇದ್ರ ಕಸಾ ಹೊಡದು ಇಟ್ಕೋರಿ, ಒಳ್ಳೇದು. ಹುಡುಗಿ ಎಲ್ಲೂ ಬರಂಗಿಲ್ಲ," ಎಂದು ಪಾರ್ವತೆವ್ವ ನಗುನಗುತ್ತಲೇ ಫೋನಿಟ್ಟಳು.

ಶಾಂತಪ್ಪ ಕಣ್ಣರಳಿಸಿದ. "ಅಷ್ಟ್ ಖಾತ್ರಿ ಹೆಂಗ ಹೇಳಿದಿ?"

"ಮತ್ತೇನ್ರಿ. ಉಪಚಾರ ಕಮ್ಮಿ ಬಿದ್ದೈತಿ, ಹೆಚ್ಚ ಮಾಡೋಣ. ನಾಳೆ ಹೋಳಿಗಿ. ಎಣ್ಣಿ ಜಳಕ. ಆ ಕೂಸಿನ ತಲೀಗೆ ಎಣ್ಣಿ ಬಿದ್ದು ಎಷ್ಟ್ ದಿನಾ ಆತೋ ಏನೋ. ತಲಿ ತಂಪಾದ್ರ ಎಲ್ಲಾ ಸರಿ ಹೋಗ್ತೈತಿ."

ಪಾರ್ವತೆವ್ವನ ಸ್ವಭಾವವೇ ಹಾಗೆ. ದಾರಿ ತಪ್ಪಿದರೂ ನಡಿಗೆ ಮಾತ್ರ ನಿಧಾನ ಮಾಡುವವಳಲ್ಲ.

ರವಿವಾರ ಮಧ್ಯಾಹ್ನ ಊಟಕ್ಕೆ ಮೊದಲು ಚಿಹೋಳನ್ನು ಕೂರಿಸಿ, ಬೆಚ್ಚಗೆ ಮಾಡಿದ ಕೊಬ್ಬರಿ ಎಣ್ಣೆಯನ್ನು ನೆತ್ತಿಗೆ ಹಾಕಿ ತಪತಪ ತಟ್ಟಿದಳು. ಹುಡುಗಿ ಕಣ್ಣು ಮುಚ್ಚಿಕೊಂಡಳು. ಅದು ಸುಖಕ್ಕೋ ಹೆದರಿಕೆಗೋ ಹೇಳುವುದು ಕಷ್ಟ. ಆಮೇಲೆ ಪಾರ್ವತೆವ್ವ ಮೇಲೆ ಹೋಗಿ ಬಚ್ಚಲು ಸಿದ್ಧ ಮಾಡಿದಳು.

ಲಂಡನ್ನಿನ ಬಚ್ಚಲಿಗೆ ಮೋರಿಯಿಲ್ಲ. ಅಲ್ಲಿ ನೀರು ಬೀಳಬೇಕಾದದ್ದು ತೊಟ್ಟಿಯ ಒಳಗೆ ಮಾತ್ರ. ನೆಲ ಅಂದರೆ ಹಲಗೆ, ಮೇಲೊಂದು ತೆಳ್ಳನೆಯ ಹಾಸು. ಅದಕ್ಕೇ ಆ ಮನೆಯಲ್ಲಿ ಬಕೆಟ್ಟು, ತಂಬಿಗೆ, ಕೂರುವ ಪ್ಲಾಸ್ಟಿಕ್ ಮಣೆ ಎಲ್ಲ ಯಾವಾಗಲೂ ತೊಟ್ಟಿಯ ಒಳಗೇ ಇರುತ್ತಿದ್ದವು. ಚಿಹೋ ಬಂದ ದಿನವೇ ಸೃಷ್ಟಿ ಅವಳಿಗೆ ಹೇಳಿಕೊಟ್ಟಿದ್ದಳು. ತೊಟ್ಟಿಯೊಳಗೆ ನಿಲ್ಲು, ಪರದೆ ಎಳೆ, ಶವರ್ ಬಿಡು. ಅಷ್ಟೂ ದಿನ ಅವಳು ಹಾಗೆಯೇ ಮಾಡಿದ್ದಳು. ಆದರೆ ಇವತ್ತು ವಿಶೇಷ. ಜಪಾನಿನವರಿಗೆ ಬಿಸಿನೀರಿನಲ್ಲಿ ಮುಳುಗಿ ಕೂರುವುದೆಂದರೆ ಪ್ರಾಣ ಎಂದು ಸೃಷ್ಟಿ ಹೇಳಿದ್ದು ಪಾರ್ವತೆವ್ವನಿಗೆ ನೆನಪಿತ್ತು. ಹಾಗಾಗಿ ಒಳಗಿನ ಮಣೆ, ಬಕೆಟ್ಟು, ತಂಬಿಗೆ ಎಲ್ಲ ಹೊರಗೆ ತೆಗೆದು ನೆಲದ ಮೇಲಿಟ್ಟು, ತೊಟ್ಟಿಗೆ ಅಂಚಿನವರೆಗೆ ಬಿಸಿನೀರು ಬಿಟ್ಟಳು. ಉಳಿದ ಬಿಸಿನೀರನ್ನು ಸುಮ್ಮನೆ ಯಾಕೆ ಬಿಡಬೇಕೆಂದು ಬಕೆಟ್ಟಿಗೂ ತುಂಬಿಸಿದಳು. ಮಣೆಯ ಪಕ್ಕ ಸೀಗೆಪುಡಿ ಇಟ್ಟಳು.

ಚಿಹೋ ಒಳಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ತುಂಬಿದ ತೊಟ್ಟಿ. ಹೊರಗೆ ಕೂರಲು ಮಣೆ. ಮೈತೊಳೆಯಲು ಬಕೆಟ್ಟು, ಸುರಿದುಕೊಳ್ಳಲು ತಂಬಿಗೆ. ಮಾತ್ಸುಮೋತೋದ ಅವಳ ಮನೆಯ ಬಚ್ಚಲನ್ನೇ ಯಾರೋ ಎತ್ತಿ ತಂದಿಟ್ಟ ಹಾಗಿತ್ತು. ಅವಳ ಮನೆಯಲ್ಲೂ ಹೀಗೆಯೇ, ಹೊರಗೆ ಕೂತು ಮೈಯೆಲ್ಲ ತೊಳೆದುಕೊಂಡು, ಶುದ್ಧವಾದ ಮೇಲೆ ತೊಟ್ಟಿಗಿಳಿಯುವುದು. ತುಂಬಿದ ತೊಟ್ಟಿಗೆ ಇಳಿದಾಗ ನೀರು ಅಂಚು ದಾಟಿ ಸುರಿದರೆ ಅದೇ ಒಂದು ಸುಖ. ಅಲ್ಲಿ ನೆಲಕ್ಕೆ ಮೋರಿ ಇತ್ತು, ಅಷ್ಟೇ ವ್ಯತ್ಯಾಸ.

ಕೆಳಗೆ ಅಡಿಗೆಮನೆಯಲ್ಲಿ ಶಾಂತಪ್ಪ ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಿದ್ದ. ತಟ್ಟೆಗೆ ಟಪ್ ಎಂದು ಏನೋ ಬಿತ್ತು. ತಲೆ ಎತ್ತಿ ನೋಡಿದ. ಹೋದ ವರ್ಷ ತಾನೇ ಏಣಿ ಹತ್ತಿ ಬಳಿದ ಬಿಳಿ ಛಾವಣಿಯಲ್ಲಿ ಒಂದು ಹಂಡೆಯಷ್ಟು ಕಂದು ಕಲೆ, ನಡುವೆ ಹೊಟ್ಟೆ ಬಿಟ್ಟುಕೊಂಡು ಕೆಳಗಿಳಿಯುತ್ತಿತ್ತು. ದೀಪದ ಬುಡದಿಂದ ನೀರು ಧಾರೆಯಾಗಿ ಇಳಿಯಿತು.

"ಏ ಇವಳs! ಮ್ಯಾಲ ಏನ್ ಕೆರಿ ಒಡದೈತೇನ?" ಎಂದು ಕೂಗಿ, ಮೊದಲು ದೀಪದ ಸ್ವಿಚ್ಚು ಆರಿಸಿ, ಆಮೇಲೆ ಹೋಳಿಗೆಯ ತಟ್ಟೆ ಎತ್ತಿಕೊಂಡು ಪಕ್ಕಕ್ಕೆ ಸರಿದ.

ಪಾರ್ವತೆವ್ವ ಮೆಟ್ಟಿಲು ಹತ್ತಿದ್ದು ಅವಳಿಗೇ ಗೊತ್ತಾಗಲಿಲ್ಲ. ಬಾಗಿಲು ಬಡಿದಳು. ಸೃಷ್ಟಿಯ ಗೌನು ಸುತ್ತಿಕೊಂಡು, ಕೂದಲಿಂದ ನೀರಿಳಿಸಿಕೊಂಡು ಚಿಹೋ ಬಾಗಿಲು ತೆಗೆದಳು. ಒಳಗೆ ನೆಲದ ಮೇಲೆ ಬಾತುಕೋಳಿ ಬಿಟ್ಟರೆ ಈಜುವಷ್ಟು ನೀರು.

ಆ ಗಳಿಗೆಯಲ್ಲಿ ಪಾರ್ವತೆವ್ವನಿಗೆ ಮಿಸೆಸ್ ಪೆನ್‌ಫೋಲ್ಡ್ ನೆನಪಾಗಲಿಲ್ಲ, ಪಿನ್ನರ್ ನೆನಪಾಗಲಿಲ್ಲ, ಇವಳು ಅತಿಥಿ ಎಂಬುದೂ ನೆನಪಾಗಲಿಲ್ಲ. ಹದಿನಾರು ವರ್ಷ ಸೃಷ್ಟಿಯ ಮೇಲೆ ಪಳಗಿದ ಬಾಯಿ ತಾನಾಗಿ ತೆರೆದುಕೊಂಡಿತು.

"ಏ ಖೋಡಿ! ಬುದ್ಧಿ ಎಲ್ಲಿ ಇಟ್ಟೀದಿ? ನೆಲದ ಮ್ಯಾಲ ನೀರ ಸುರುವ್ತಾರೇನ? ಕೆಳಗ ನಿಮ್ಮಪ್ಪ ಹೋಳಿಗಿ ತಿನ್ನಾಕ ಕುಂತಾನ, ಅವನ ತಲಿ ಮ್ಯಾಲ ಸುರುವಿದ್ಯಲ್ಲವ್ವ! ಹಿಡಿ ಈ ಅರಿವಿ. ನಿಂತ್ ಏನ್ ನೋಡ್ತಿ? ಒರಸು!"

ಹಳೆಯ ಟವೆಲ್ಲೊಂದು ಹಾರಿ ಚಿಹೋಳ ಕೈಗೆ ಬಿತ್ತು. ಹುಡುಗಿ ತಟ್ಟನೆ ಮಂಡಿಯೂರಿದಳು. ಒರೆಸಿ, ಬಕೆಟ್ಟಿಗೆ ಹಿಂಡಿ, ಮತ್ತೆ ಒರೆಸಿದಳು. ಪಾರ್ವತೆವ್ವನೂ ಸೀರೆ ಎತ್ತಿ ಕಟ್ಟಿ ಇನ್ನೊಂದು ಬದಿಯಿಂದ ಒರೆಸುತ್ತ ಬಂದಳು. ಬಾಯಿ ಮಾತ್ರ ನಿಂತಿರಲಿಲ್ಲ. ನಡುವೆ ಅವಳ ಕಣ್ಣು ಆ ಪ್ಲಾಸ್ಟಿಕ್ ಮಣೆಯ ಮೇಲೆ ಬಿತ್ತು. ಮಣೆ, ಬಕೆಟ್ಟು, ತಂಬಿಗೆ. ಎಲ್ಲ ನೆಲದ ಮೇಲೆ. ಇಟ್ಟವರು ಯಾರು? ಊರಲ್ಲಾದರೆ ತಾನೂ ಹೀಗೆ ಮಣೆಯ ಮೇಲೆ ಕೂತೇ ನೀರು ಸುರಿದುಕೊಳ್ಳುತ್ತಿರಲಿಲ್ಲವೇ?

"ಅಯ್ಯ ಶಿವನ," ಎಂದಳು. ಬಾಯಿ ನಿಂತಿತು.

ಬಾಗಿಲಲ್ಲಿ ಸೃಷ್ಟಿ ಅಳುವ ಮುಖ ಮಾಡಿ ನಿಂತಿದ್ದಳು. "ಅವ್ವಾ! ಗೆಸ್ಟ್ ಮ್ಯಾಲ ಚೀರಿದ್ಯಲ್ಲ! ಕೈಯಾಗ ಅರಿವಿ ಕೊಟ್ಟೀದಿ! ಇನ್ನ ಒಂದ್ ತಾಸಿಗೆ ಅವರು ಬರ್ತಾರ. ಇಟ್ಸ್ ಓವರ್. ಎಲ್ಲಾ ಮುಗೀತು."

ಪಾರ್ವತೆವ್ವ ಗಡಬಡಿಸಿ ಚಿಹೋಳ ಕೈಯ ಟವೆಲ್ಲು ಹಿಡಿದಳು. "ಸಾರಿ, ಸಾರಿ. ಯು ಗೆಸ್ಟ್. ಗಿವ್."

ಚಿಹೋ ಕೊಡಲಿಲ್ಲ. ಪಾರ್ವತೆವ್ವ ಎಳೆದಳು. ಚಿಹೋ ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು. ಆ ಸಣ್ಣ ಮೈಯಲ್ಲಿ ಅಷ್ಟು ಶಕ್ತಿ ಎಲ್ಲಿತ್ತೋ. ಪಾರ್ವತೆವ್ವ ತಲೆ ಎತ್ತಿ ಅವಳ ಮುಖ ನೋಡಿದಳು. ಬಂದ ಲಾಗಾಯ್ತು ಬಾಗಿ ಬಾಗಿ ತೋರಿಸುತ್ತಿದ್ದ ಆ ತೆಳ್ಳನೆಯ ಮರ್ಯಾದೆಯ ನಗು ಅಲ್ಲಿರಲಿಲ್ಲ. ಹಲ್ಲು ಕಾಣುವ ಹಾಗೆ, ಮೂಗು ಸುಕ್ಕುಗಟ್ಟುವ ಹಾಗೆ ಹುಡುಗಿ ನಗುತ್ತಿದ್ದಳು. ಕಣ್ಣಲ್ಲಿ ನೀರೂ ಇತ್ತು. ಆದರೆ ಟವೆಲ್ಲು ಬಿಡುವ ಲಕ್ಷಣ ಮಾತ್ರ ಇರಲಿಲ್ಲ.

ಸಾವಿರ ತಟ್ಟೆಯಲ್ಲಿ ಉಪ್ಪು ಕಡಿಮೆಯಾದ ಒಂದನ್ನು ದೂರದಿಂದಲೇ ಹಿಡಿಯುವವಳು ಪಾರ್ವತೆವ್ವ. ಒಂದು ವಾರ ಕುರ್ಚಿಯಲ್ಲಿ ಕೂತಿದ್ದ ಹುಡುಗಿಯನ್ನು ಈಗ ನೋಡಿದಳು. ಟವೆಲ್ಲಿನಿಂದ ಕೈ ಬಿಟ್ಟಳು.

"ಹಂಗೇನ?" ಎಂದಳು. "ಹಂಗಾದ್ರ ಆ ಮೂಲಿ ಬಿಟ್ಟೀದಿ ನೋಡು. ಅದನ್ನ ಯಾರು ಒರಸ್ತಾರ?"

ಬೆರಳು ತೋರಿಸಿದ ಕಡೆಗೆ ಚಿಹೋ ಮಂಡಿಯ ಮೇಲೆಯೇ ಸರಿದು ಹೋದಳು.

ಮೂರು ಗಂಟೆಗೆ ಕರೆಗಂಟೆ ಹೊಡೆದಾಗ ಅಡಿಗೆಮನೆಯ ನಡುವೆ ಬಕೆಟ್ಟು ಕೂತಿತ್ತು, ಛಾವಣಿಯಿಂದ ಅದಕ್ಕೆ ಹನಿ ಬೀಳುತ್ತಿತ್ತು. "ಬಕೆಟ್ ಮುಚ್ಚಿಡ್ರಿ, ಅಡಿಗಿಮನಿ ಬಾಗ್ಲಾ ಹಾಕ್ರಿ," ಎಂದು ಸೃಷ್ಟಿ ಬೇಡಿಕೊಂಡಳು.

"ಯಾಕ ಮುಚ್ಚಬೇಕು? ಮನಿ ಇದ್ದಂಗ ನೋಡ್ಲಿ," ಎಂದಳು ಅವ್ವ, ಹಿಟ್ಟು ಕಲಸುತ್ತ. "ಚಿಹವ್ವಾ! ಬಾಗ್ಲಾ ತಗಿ ಹೋಗು. ಡೋರ್, ಡೋರ್!"

ಮಿಸೆಸ್ ಪೆನ್‌ಫೋಲ್ಡ್ ಬಾಗಿಲು ತೆರೆದವಳನ್ನು ನೋಡಿ ಒಂದು ಗಳಿಗೆ ಗುರುತು ಹಿಡಿಯಲಿಲ್ಲ. ತೋಳು ಮೇಲಕ್ಕೆ ಮಡಚಿದ, ಎಣ್ಣೆ ಪೂರ್ತಿ ಬಿಡದ ಕೂದಲಿನ, ಕೆನ್ನೆಯ ಮೇಲೆ ಜೋಳದ ಹಿಟ್ಟು ಮೆತ್ತಿಕೊಂಡ ಹುಡುಗಿ. ಒಳಗೆ ಕರೆದು, ಒಳ್ಳೆಯ ಕುರ್ಚಿ ತೋರಿಸಿ, ಚಹಾ ತರಲು ಓಡಿದವಳೂ ಅವಳೇ. ಮಿಸೆಸ್ ಪೆನ್‌ಫೋಲ್ಡ್ ಬಿಳಿ ಕೂದಲಿನ, ತೂಕದ ಮಾತಿನ ಹೆಂಗಸು. ಎಲ್ಲರನ್ನೂ ಕೂರಿಸಿಕೊಂಡು, ಹನಿಯ ಸಪ್ಪಳ ಕೇಳಿಸದವರಂತೆ ಮಾತು ತೆಗೆದರು.

"ಚಿಹೋ, ಪಿನ್ನರಿನಲ್ಲಿ ಒಂದು ಮನೆ ಸಿದ್ಧವಿದೆ. ನನ್ನ ಕಾರು ಹೊರಗಿದೆ. ಇಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಿನ್ನ ಮನಸ್ಸಿನಲ್ಲಿರುವುದನ್ನು ಹೇಳು."

ಸೃಷ್ಟಿ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು. ಪಾರ್ವತೆವ್ವನ ಬೆನ್ನು ನೆಟ್ಟಗಿತ್ತು.

ಚಿಹೋಳ ಇಂಗ್ಲಿಷು ನಿಧಾನ. ಒಂದೊಂದೇ ಮಾತು ಹುಡುಕಿ ತಂದು ಜೋಡಿಸಿದಳು, ಬಾಗಿಲಲ್ಲಿ ಚಪ್ಪಲಿ ಜೋಡಿಸಿದ ಹಾಗೆ.

"ನಮ್ಮದು ವಸತಿಗೃಹ. ಸಣ್ಣದು. ಅಜ್ಜಿ ನಡೆಸುತ್ತಾಳೆ. ಗಿರಾಕಿ ಬರುತ್ತಾರೆ. ನಾವು ಒಳ್ಳೆಯ ಜಾಗದಲ್ಲಿ ಕೂರಿಸುತ್ತೇವೆ. ಬಡಿಸುತ್ತೇವೆ. ಕೈಯಿಂದ ಏನೂ ಮುಟ್ಟಿಸುವುದಿಲ್ಲ. ಅವರು ಹೋದ ಮೇಲೆ ಹಾಸಿಗೆ ಬದಲಿಸುತ್ತೇವೆ. ಇನ್ನೊಬ್ಬರು ಬರುತ್ತಾರೆ." ಒಮ್ಮೆ ಉಸಿರು ತೆಗೆದುಕೊಂಡಳು. "ಇಲ್ಲಿ ನಾನು ಏಳು ದಿನ ಗಿರಾಕಿ. ಅಮ್ಮ ಸೃಷ್ಟಿಯನ್ನು ಕೂಗುತ್ತಾರೆ, ನನ್ನನ್ನು ಕೂಗುವುದಿಲ್ಲ. ನನಗೆ ನಮ್ಮ ಅಜ್ಜಿ ಬಹಳ ನೆನಪಾದಳು. ಅಜ್ಜಿ ಗಿರಾಕಿಗೆ ಬೈಯುವುದಿಲ್ಲ. ನನಗೆ ಮಾತ್ರ ಬೈಯುತ್ತಾಳೆ."

"ಮತ್ತೆ ಈಗ?" ಎಂದರು ಮಿಸೆಸ್ ಪೆನ್‌ಫೋಲ್ಡ್.

"ಇವತ್ತು ನಾನು ಛಾವಣಿ ಹಾಳು ಮಾಡಿದೆ." ಚಿಹೋ ಶಾಂತಪ್ಪನ ಕಡೆ ತಿರುಗಿ ಬಾಗಿದಳು. ಆಮೇಲೆ ಅವಳ ಮುಖದ ತುಂಬ ಆ ಬಚ್ಚಲಿನ ನಗು ಬಂತು. "ಅಮ್ಮ ತುಂಬ ಬೈದರು. ಸೃಷ್ಟಿಗೆ ಬೈಯುವುದಕ್ಕಿಂತ ಜೋರಾಗಿ."

ಮಿಸೆಸ್ ಪೆನ್‌ಫೋಲ್ಡ್ ಹುಬ್ಬೇರಿಸಿ ಪಾರ್ವತೆವ್ವನನ್ನು ನೋಡಿದರು. "ನೀವು ಬೈದದ್ದು ನಿಜವೇ?"

"ಯೆಸ್," ಎಂದಳು ಪಾರ್ವತೆವ್ವ. ಅವಳ ಇಂಗ್ಲಿಷು ಉದ್ದವಿಲ್ಲದಿದ್ದರೂ ಗಟ್ಟಿ. "ಫುಲ್ ಬೈದೆ. ಐ ಪುಟ್ ಸ್ಟೂಲ್ ಔಟ್‌ಸೈಡ್, ಮೈ ಮಿಸ್ಟೇಕ್. ಬಟ್ ಐ ಶೌಟ್. ಮೈ ಹೌಸ್, ಮೈ ಗರ್ಲ್, ಐ ಶೌಟ್. ನೆಕ್ಸ್ಟ್ ವೀಕ್ ಆಲ್ಸೋ."

ಸೃಷ್ಟಿ ಮುಖ ಮುಚ್ಚಿಕೊಂಡಳು. ಮಿಸೆಸ್ ಪೆನ್‌ಫೋಲ್ಡ್ ಚಹಾದ ಕಪ್ಪು ಎತ್ತಿ ಕುಡಿದರು. ಕಪ್ಪಿನ ಹಿಂದೆ ಏನಾಯಿತೋ, ಭುಜ ಮಾತ್ರ ಕುಣಿಯುತ್ತಿತ್ತು. ಕಪ್ಪು ಕೆಳಗಿಟ್ಟಾಗ ಮುಖ ಮತ್ತೆ ಸರಿಯಾಗಿತ್ತು.

"ಚಿಹೋ, ನೀನು ಎಲ್ಲಿರುತ್ತೀ?"

"ಇಲ್ಲಿ. ರೊಟ್ಟಿ ಅರ್ಧ ಆಗಿದೆ."

"ಪಿನ್ನರಿಗೆ ನಾನೇ ಫೋನ್ ಮಾಡುತ್ತೇನೆ," ಎಂದು ಎದ್ದರು ಮಿಸೆಸ್ ಪೆನ್‌ಫೋಲ್ಡ್. ಹೋಗುವಾಗ ಕೈಯಲ್ಲಿ ಎರಡು ಹೋಳಿಗೆ ಇದ್ದವು ಎಂದು ಬೇರೆ ಹೇಳಬೇಕಾಗಿಲ್ಲ. ಬಾಗಿಲು ಹಾಕಿದ್ದೇ ಸೃಷ್ಟಿ ಅವ್ವನ ಕೊರಳಿಗೆ ಜೋತುಬಿದ್ದಳು. "ಬಿಡ ನನ್ನ, ಕೈಯಾಗ ಹಿಟ್ಟೈತಿ," ಎಂದಳು ಪಾರ್ವತೆವ್ವ, ತಾನೂ ಬಿಡದೆ. ಶ್ರೀಲತಾ ಕೆಡುಕಿನವರೇನಲ್ಲ. ಮುಂದಿನ ವಾರ ಎಲ್ಲರನ್ನೂ ಪಿನ್ನರಿಗೆ ಊಟಕ್ಕೆ ಕರೆದರು. ಅಲ್ಲಿ ಚಿಹೋ ಊಟ ಮುಗಿದದ್ದೇ ಎದ್ದು ತಟ್ಟೆ ತೊಳೆಯಲು ನಿಂತಾಗ ಶ್ರೀಲತಾ, "ಅಯ್ಯೋ, ಬೇಡಮ್ಮ, ನೀನು ಗೆಸ್ಟು," ಎಂದು ಓಡಿಬಂದರು. ಪಾರ್ವತೆವ್ವ ಅವರನ್ನು ತೋಳು ಹಿಡಿದು ಕೂರಿಸಿದಳು.

ಆಗಸ್ಟಿನಲ್ಲಿ ಸೃಷ್ಟಿ ಮಾತ್ಸುಮೋತೋಗೆ ಹೋದಳು. ವಿಮಾನ ನಿಲ್ದಾಣದಲ್ಲಿ ಅವ್ವ ಹೇಳಿದ್ದು ಒಂದೇ ಮಾತು. "ಅಲ್ಲಿ ಕುರ್ಚಿ ಕೊಟ್ರ ಬಾಳ ಹೊತ್ತು ಕುಂದರಬ್ಯಾಡ."

ಮೊದಲ ಫೋನಿನಲ್ಲಿ ಹುಡುಗಿಯ ದನಿ ಸಣ್ಣಗಿತ್ತು. ಎಲ್ಲರೂ ಒಳ್ಳೆಯವರು, ಎಲ್ಲರೂ ಬಾಗುತ್ತಾರೆ, ಚಿಹೋಳ ಅಜ್ಜಿ ಮೀನಿನ ಮುಳ್ಳನ್ನೂ ತೆಗೆದು ಕೊಡುತ್ತಾರೆ, ನನಗೆ ಏನೂ ಮಾಡಲು ಬಿಡುವುದಿಲ್ಲ ಎಂದಳು. "ತಡಿ, ಆಗ್ತೈತಿ," ಎಂದಳು ಪಾರ್ವತೆವ್ವ. ನಾಲ್ಕು ದಿನ ಬಿಟ್ಟು, ಅವಳು ಕೆಲಸಕ್ಕೆ ಹೊರಡುವ ಹೊತ್ತಿಗೆ ಮತ್ತೆ ಫೋನು ಬಂತು. ಈ ಸಲ ಅಡಿಗೆಮನೆಯಲ್ಲಿ ಏಣಿಯ ಮೇಲೆ ನಿಂತು ಛಾವಣಿಗೆ ಎರಡನೆಯ ಸಲ ಬಣ್ಣ ಬಳಿಯುತ್ತಿದ್ದ ಶಾಂತಪ್ಪನಿಗೂ ಕೇಳಿಸುವಷ್ಟು ದೊಡ್ಡ ದನಿ.

"ಅವ್ವಾ! ಗೆಸ್ ವಾಟ್! ಇವತ್ತ ಅಜ್ಜಿ ನನಗ ಬೈದ್ರು!"

"ಯಾಕ? ಏನ್ ಮಾಡಿದಿ?"

"ಜಳಕಾ ಆದ ಮ್ಯಾಲ ತೊಟ್ಟಿ ಬೂಚು ಕಿತ್ತು ನೀರ್ ಬಿಟ್ಟೆ. ಇಲ್ಲಿ ಒಂದs ನೀರಾಗ ಮನಿಮಂದಿ ಎಲ್ಲಾ ಒಬ್ಬರ ಹಿಂದ ಒಬ್ಬರು ಕುಂದರ್ತಾರಂತ. ಅಜ್ಜಿ ಟವೆಲ್ ಹಿಡ್ಕೊಂಡ್ ಬಂದ್ರು, ನೋಡಿದ್ರು, ಖಾಲಿ! ಏನ್ ಬೈದ್ರು ಅಂತಿ ಅವ್ವಾ! ಆಮ್ಯಾಲ ತೊಟ್ಟಿ ತಿಕ್ಕಾಕ ಹಚ್ಚಿದ್ರು. ಚಿಹೋ ಬಿದ್ದು ಬಿದ್ದು ನಗಾಕತ್ತಾಳ."

ಸಂಕಟವಿಲ್ಲದೆ ಸೃಷ್ಟಿ ಇಷ್ಟುದ್ದ ಕನ್ನಡ ಆಡಿದ್ದು ಅದೇ ಮೊದಲು. ಪಾರ್ವತೆವ್ವ ಗೋಡೆಗೆ ಒರಗಿ ನಿಂತಳು. "ಫೋನ್ ಅಜ್ಜಿ ಕೈಯಾಗ ಕೊಡು."

"ಅವ್ವಾ, ಅವರಿಗೆ ಇಂಗ್ಲಿಷ್ ಬರಂಗಿಲ್ಲ."

"ನನಗೆಲ್ಲಿ ಬರ್ತೈತಿ? ಕೊಡು."

ಆ ಕಡೆ ಗಡಬಡ, ನಗು, ಆಮೇಲೆ ಒಂದು ಗಟ್ಟಿ ಮುದಿ ದನಿ. ಪಾರ್ವತೆವ್ವ ತಡಮಾಡಲಿಲ್ಲ. "ನಮಸ್ಕಾರ್ರಿ ಯವ್ವಾ. ಚಲೋ ಬೈದ್ರಿ. ಇನ್ನೂ ಬೈರಿ, ಹೆದರಬ್ಯಾಡ್ರಿ, ಹುಡುಗಿ ಗಟ್ಟಿ ಐತಿ. ಹೊತ್ತಾಗಿ ಏಳ್ತಾಳ, ಅದಕ್ಕೂ ಒಂದೀಟು ನೋಡ್ಕೋರಿ."

ಆ ಕಡೆಯಿಂದ ಉದ್ದಕ್ಕೆ ಜಪಾನಿ ಬಂತು. ನಡುನಡುವೆ ಸೃಷ್ಟಿಯ ಹೆಸರು ಕೇಳಿಸಿತು. ಪಾರ್ವತೆವ್ವ "ಹೂಂ ಹೂಂ, ಅದs ಮತ್ತ, ನಮ್ಮ ಮನ್ಯಾಗೂ ಹಂಗs," ಎನ್ನುತ್ತ ತಲೆ ಆಡಿಸಿದಳು. ಇಬ್ಬರೂ ಒಟ್ಟಿಗೆ ನಕ್ಕು ಫೋನಿಟ್ಟರು.

ಶಾಂತಪ್ಪ ಏಣಿಯ ಮೇಲಿಂದ ಬಗ್ಗಿ ಕೇಳಿದ. "ಏನಂದ್ಲು?"

"ಏನಂತಾಳ? ಟವೆಲ್ ಎಲ್ಲೆಂದರಲ್ಲಿ ಒಗೀತಾಳಂತ," ಎಂದು ಪಾರ್ವತೆವ್ವ ಕೋಟು ಹಾಕಿಕೊಂಡಳು. "ರೀ, ಆ ಮೂಲಿ ಬಿಟ್ಟೀರಿ ನೋಡ್ರಿ."